ಹಳೆ ಬೂಟ್‌ಲೋಡರ್ ಕೈಕೊಟ್ಟರೆ: ಮೊದಲು ಎಬ್ಬಿಸಿ, ಆಮೇಲೆ ಬದಲಿಸಿ

ಸಾಗರದ ಹತ್ತಿರ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಹಳೆ ಡೆಸ್ಕ್‌ಟಾಪ್ ಇದೆ. 2009ರಲ್ಲಿ ನಾನೇ ಅದಕ್ಕೆ ಡೆಬಿಯನ್ 5 ಎಂಬ ಲಿನಕ್ಸ್ ಹಾಕಿಕೊಟ್ಟಿದ್ದೆ. ಅಡಿಕೆ ಮಾರಿದ ಲೆಕ್ಕ, ಆಳುಗಳ ಸಂಬಳ, ತೋಟದ ಖರ್ಚು ಎಲ್ಲ ಅದರಲ್ಲೇ. ಒಂದು ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ನಾಲ್ಕನೇ ದಿನ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ 'ಗ್ರಬ್ ಲೋಡಿಂಗ್ ಸ್ಟೇಜ್ 1.5' ಅಂತ ಒಂದು ಸಾಲು, ಕೆಳಗೆ 'ಎರರ್ 17'. ಅಷ್ಟೇ. ಗ್ರಬ್ ಅಂದರೆ ಒಂದು ಬೂಟ್‌ಲೋಡರ್, ಆನ್ ಮಾಡಿದಾಗ ಲಿನಕ್ಸನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ದೊಡ್ಡಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಲೆಕ್ಕ ಎಲ್ಲ ಹೋಯ್ತೇನೋ ಮಾರಾಯಾ?"

ಹೊಸ ಲಿನಕ್ಸ್ ಇದ್ದ ಪೆನ್‌ಡ್ರೈವ್ ಹಿಡಿದುಕೊಂಡೇ ಊರಿಗೆ ಹೋದೆ. ಹಳೆಯದನ್ನು ರಿಪೇರಿ ಮಾಡುತ್ತ ಕೂರುವುದಕ್ಕಿಂತ ಹೊಸದು ಹಾಕಿಬಿಡೋಣ ಅನ್ನುವುದು ನನ್ನ ಲೆಕ್ಕಾಚಾರ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬಯೋಸ್ (ಆನ್ ಮಾಡಿದ ಕೂಡಲೇ ಓಡುವ, ಮದರ್‌ಬೋರ್ಡ್‌ನದೇ ಪ್ರೋಗ್ರಾಂ) ಒಳಗೆ ಹೋದಾಗ ತಾರೀಖು ಕಣ್ಣಿಗೆ ಬಿತ್ತು. 2002, ಜನವರಿ 1. ಮದರ್‌ಬೋರ್ಡ್‌ನ ಬಟನ್ ಸೆಲ್ ಸತ್ತಿತ್ತು. ಮೂರು ದಿನ ಕರೆಂಟ್ ಇಲ್ಲದೆ ಬಯೋಸ್ ತನ್ನ ಸೆಟ್ಟಿಂಗ್ ಎಲ್ಲ ಮರೆತಿತ್ತು. ಆ ಕ್ಯಾಬಿನೆಟ್‌ನಲ್ಲಿ ಎರಡು ಡಿಸ್ಕ್ ಇದ್ದವು. ಬಯೋಸ್ ಈಗ 40 ಜಿಬಿಯ ಹಳೆ ಡಿಸ್ಕನ್ನು ಮೊದಲು ನೋಡುತ್ತಿತ್ತು. ಆ ಡಿಸ್ಕ್‌ನಲ್ಲಿ ಹಿಂದೆ ಯಾವಾಗಲೋ ಲಿನಕ್ಸ್ ಇತ್ತು. ಆಮೇಲೆ ಅದನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ ಫೋಟೋ ಇಡಲು ಬಳಸುತ್ತಿದ್ದೆವು. ಡಿಸ್ಕ್‌ನ ಮೊದಲ ಸೆಕ್ಟರ್‌ಗಳಲ್ಲಿ ಹಳೆ ಗ್ರಬ್‌ನ ಚೂರು ಮಾತ್ರ ಹಾಗೇ ಉಳಿದಿತ್ತು. ಅದು ಎದ್ದು, ತನ್ನ ಫೈಲ್ ಹುಡುಕಿ, ಸಿಗದೆ ಎರರ್ 17 ಹೇಳುತ್ತಿತ್ತು. ನಿಜವಾದ ಲಿನಕ್ಸ್ ಪಕ್ಕದ ಡಿಸ್ಕ್‌ನಲ್ಲಿ ಸುಖವಾಗಿ ಇತ್ತು!

ಸೆಲ್ ಬದಲಿಸಿ, ಡಿಸ್ಕ್‌ಗಳ ಕ್ರಮ ಸರಿಮಾಡಿದೆ. ಕಂಪ್ಯೂಟರ್ ಎದ್ದಿತು. ಬೂಟ್‌ಲೋಡರ್‌ನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಅವತ್ತಿನಿಂದ ನಾನು ಪಾಲಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಹಳೆ ಬೂಟ್‌ಲೋಡರ್ ರಿಪೇರಿ ಮಾಡಬೇಕೋ, ಹೊಸದಕ್ಕೆ ಹೋಗಬೇಕೋ ಅನ್ನುವ ಪ್ರಶ್ನೆ ಆಮೇಲಿನದು. ನಿಂತುಹೋದ ಕಂಪ್ಯೂಟರನ್ನು ಇದ್ದ ಸ್ಥಿತಿಯಲ್ಲೇ ಮೊದಲು ಎಬ್ಬಿಸಿ. ಅದು ಎದ್ದ ಮೇಲೆ ಬದಲಿಸಿ. ಏಳದ ಕಂಪ್ಯೂಟರ್ ಮೇಲೆ ಅಪ್‌ಗ್ರೇಡ್ ಮಾಡಿದರೆ ಒಂದು ತೊಂದರೆಯ ಮೇಲೆ ಇನ್ನೊಂದು ಸೇರುತ್ತದೆ. ಆಗ ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗುವುದೇ ಇಲ್ಲ.

ಒಂದು ಸೂಚನೆ. ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ. ಅಡ್ಡಗೆರೆ, ಓರೆಗೆರೆ, ಕಂಸ, ಖಾಲಿ ಜಾಗ ಎಲ್ಲ ಇಲ್ಲಿ ಇದ್ದ ಹಾಗೇ ಇರಲಿ.

ಕಂಪ್ಯೂಟರ್ ಏಳುವಾಗ ನಡೆಯುವುದು

ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಹಳೆ ಬಯೋಸ್ ಕಂಪ್ಯೂಟರ್ ಡಿಸ್ಕ್‌ನ ಮೊದಲ ಸೆಕ್ಟರ್ ಓದುತ್ತದೆ. ಅದು 512 ಬೈಟ್. ಅದರಲ್ಲಿ 446 ಬೈಟ್ ಬೂಟ್‌ಲೋಡರ್‌ನ ಕೋಡ್, 64 ಬೈಟ್ ಪಾರ್ಟಿಷನ್ ಟೇಬಲ್ (ಡಿಸ್ಕನ್ನು ಯಾವ ಯಾವ ಭಾಗ ಮಾಡಿದೆ ಎಂಬ ಪಟ್ಟಿ), ಕೊನೆಯ 2 ಬೈಟ್ ಗುರುತು. 446 ಬೈಟ್‌ನಲ್ಲಿ ಏನು ತಾನೇ ಹಿಡಿಯುತ್ತದೆ? ಹಾಗಾಗಿ ಆ ಚೂರು ಕೋಡ್ ಇನ್ನೊಂದು ದೊಡ್ಡ ಚೂರನ್ನು ಕರೆಯುತ್ತದೆ. ಅದು ಮೊದಲ ಪಾರ್ಟಿಷನ್‌ಗಿಂತ ಮುಂಚೆ ಇರುವ ಖಾಲಿ ಜಾಗದಲ್ಲಿ ಕೂತಿರುತ್ತದೆ. ಆ ಚೂರಿಗೆ ಫೈಲ್ ಸಿಸ್ಟಮ್, ಅಂದರೆ ಪಾರ್ಟಿಷನ್ ಒಳಗೆ ಫೈಲ್‌ಗಳನ್ನು ಜೋಡಿಸಿಟ್ಟ ರೀತಿ, ಓದಲು ಬರುತ್ತದೆ. ಅದು ಬೂಟ್ ಫೋಲ್ಡರ್‌ನಿಂದ ಉಳಿದದ್ದನ್ನು ತರುತ್ತದೆ, ಮೆನು ತೋರಿಸುತ್ತದೆ. ನಾವು ಆರಿಸಿದ ಮೇಲೆ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಇನಿಟ್‌ಆರ್‌ಡಿ (ಏಳುವಾಗ ಕರ್ನಲ್‌ಗೆ ಬೇಕಾದ ಡ್ರೈವರ್‌ಗಳ ಕಟ್ಟು) ಎರಡನ್ನೂ ಮೆಮರಿಗೆ ಹಾಕಿ ಕೈ ಬಿಡುತ್ತದೆ. ಬೂಟ್‌ಲೋಡರ್‌ನ ಕೆಲಸ ಅಲ್ಲಿಗೆ ಮುಗಿಯಿತು.

ಅಂದರೆ ಪರದೆ ಮೇಲೆ ಕರ್ನಲ್‌ನ ಸಾಲುಗಳು ಓಡಲು ಶುರುವಾದ ಮೇಲೆ ನಿಂತರೆ ಬೂಟ್‌ಲೋಡರ್ ಬದಲಿಸಿ ಪ್ರಯೋಜನವಿಲ್ಲ. 'ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್' ಅಂತ ಬಂದರೆ ಹೆಚ್ಚಾಗಿ ಇನಿಟ್‌ಆರ್‌ಡಿ ಇಲ್ಲ, ಇಲ್ಲವೇ ಲಿನಕ್ಸ್ ಇರುವ ಪಾರ್ಟಿಷನ್, ಅಂದರೆ ರೂಟ್ ಪಾರ್ಟಿಷನ್‌ನ ಹೆಸರು ತಪ್ಪಾಗಿದೆ. ಹಳೆ ಐಡಿಇ ಡಿಸ್ಕ್‌ಗಳಿಗೆ ಮೊದಲು ಎಚ್‌ಡಿಎ ಅನ್ನುವ ಹೆಸರಿತ್ತು. ಹೊಸ ಕರ್ನಲ್‌ಗಳಲ್ಲಿ ಅದೇ ಡಿಸ್ಕ್ ಎಸ್‌ಡಿಎ ಆಯಿತು. ಕರ್ನಲ್ ಮಾತ್ರ ಅಪ್‌ಗ್ರೇಡ್ ಮಾಡಿ, ಮೆನುವಿನಲ್ಲಿ ಹಳೆ ಹೆಸರೇ ಉಳಿದರೆ ಹೀಗಾಗುತ್ತದೆ. 'ಬಿಎಲ್‌ಕೆಐಡಿ' ಕಮಾಂಡ್ ಕೊಟ್ಟರೆ ಪಾರ್ಟಿಷನ್‌ನ ಯುಯುಐಡಿ, ಅಂದರೆ ಅದಕ್ಕೆ ಮಾತ್ರ ಇರುವ ಗುರುತಿನ ಸಂಖ್ಯೆ, ಸಿಗುತ್ತದೆ. ಹೆಸರಿನ ಬದಲು ಅದನ್ನೇ ಬರೆಯಿರಿ. ಡಿಸ್ಕ್ ಎಲ್ಲಿ ಸಿಕ್ಕಿಸಿದರೂ ಯುಯುಐಡಿ ಬದಲಾಗುವುದಿಲ್ಲ.

ಕೀಬೋರ್ಡ್ ಮುಟ್ಟುವ ಮೊದಲು

ಮೊದಲು ಪರದೆಯ ಫೋಟೋ ತೆಗೆದುಕೊಳ್ಳಿ. ಆಮೇಲೆ ಬಯೋಸ್ ಒಳಗೆ ಹೋಗಿ ತಾರೀಖು ನೋಡಿ. ತಾರೀಖು ಹಿಂದಕ್ಕೆ ಹೋಗಿದ್ದರೆ ಸಿಆರ್2032 ಸೆಲ್ ಬದಲಿಸಿ. ಡಿಸ್ಕ್‌ಗಳು ಎಲ್ಲ ಕಾಣುತ್ತಿವೆಯಾ, ಯಾವುದು ಮೊದಲಿದೆ ನೋಡಿ. ಪೆನ್‌ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್ ಏನಾದರೂ ಸಿಕ್ಕಿಸಿದ್ದರೆ ತೆಗೆದು ಒಮ್ಮೆ ಆನ್ ಮಾಡಿ. ಡಿಸ್ಕ್‌ನ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ. ಮಲೆನಾಡಿನ ತೇವಕ್ಕೆ ಕನೆಕ್ಟರ್‌ಗಳು ಸಡಿಲವಾಗಿ, ಕಿಲುಬು ಹಿಡಿಯುವುದು ನನಗೆ ಮಾಮೂಲಿ.

ಡಿಸ್ಕ್ ಒಳಗಿಂದ ಟಕ್ ಟಕ್ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಬೇಡಿ. ಅದು ಬೂಟ್‌ಲೋಡರ್ ವಿಷಯವೇ ಅಲ್ಲ. ಸದ್ದಿಲ್ಲದಿದ್ದರೂ ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕ್‌ಗೆ ಹಾಕದೆ ನೇರ ಓಡುವ ಲಿನಕ್ಸ್) ಎದ್ದು ಡಿಸ್ಕ್‌ನ ಆರೋಗ್ಯ ನೋಡುವುದು ಒಳ್ಳೆಯದು:

ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ

'ರೀಅಲೊಕೇಟೆಡ್ ಸೆಕ್ಟರ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬ ಎರಡು ಸಾಲು ನೋಡಿ. ಕೊನೆಯ ಕಾಲಂನಲ್ಲಿ ಸೊನ್ನೆ ಇದ್ದರೆ ನಿರಾಳ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಬೂಟ್‌ಲೋಡರ್ ಮರೆತು ಫೈಲ್‌ಗಳನ್ನು ಮೊದಲು ಕಾಪಿ ಮಾಡಿ.

ಪರದೆ ಏನು ಹೇಳುತ್ತಿದೆ?

ಹಳೆ ಬೂಟ್‌ಲೋಡರ್‌ಗಳು ಮಿತಭಾಷಿಗಳು. ಆದರೆ ಹೇಳುವ ಒಂದೊಂದು ಅಕ್ಷರಕ್ಕೂ ಅರ್ಥವಿದೆ.

ತುಂಬ ಹಳೆಯದಾದರೆ ಲಿಲೋ ಎಂಬ ಬೂಟ್‌ಲೋಡರ್ ಇರಬಹುದು. ಲಿಲೋ ಏಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತದೆ. 'ಎಲ್' ಬಂದು ನಿಂತರೆ ಮೊದಲ ಹಂತ ಎದ್ದಿದೆ, ಎರಡನೇ ಹಂತ ಸಿಕ್ಕಿಲ್ಲ. 'ಎಲ್ ಐ' ಅಂತ ನಿಂತರೆ ಎರಡನೇ ಹಂತ ಸಿಕ್ಕಿದೆ, ಓಡುತ್ತಿಲ್ಲ. ನಾಲ್ಕೂ ಅಕ್ಷರ ಬಂದರೆ ಲಿಲೋ ಪೂರ್ತಿ ಎದ್ದಿದೆ. ಲಿಲೋಗೆ ಫೈಲ್ ಸಿಸ್ಟಮ್ ಓದಲು ಬರುವುದಿಲ್ಲ. ಕರ್ನಲ್ ಡಿಸ್ಕ್‌ನ ಯಾವ ಯಾವ ಬ್ಲಾಕ್‌ನಲ್ಲಿದೆ ಅಂತ ಪಟ್ಟಿ ಮಾಡಿಕೊಂಡಿರುತ್ತದೆ, ಅಷ್ಟೇ. ಅದಕ್ಕೇ ಕರ್ನಲ್ ಬದಲಾದಾಗಲೆಲ್ಲ 'ಲಿಲೋ' ಕಮಾಂಡನ್ನು ಮತ್ತೆ ಕೊಡಲೇಬೇಕು. ಮರೆತರೆ ಮುಂದಿನ ಸಲ ಏಳುವುದಿಲ್ಲ. ಲಿಲೋದ ಬೆಳವಣಿಗೆ 2015ರ ಡಿಸೆಂಬರ್‌ಗೆ ನಿಂತುಹೋಯಿತು. ಹಾಗಾಗಿ ಲಿಲೋ ಇದ್ದರೆ ಒಮ್ಮೆ ಎಬ್ಬಿಸಿ, ಗ್ರಬ್‌ಗೆ ಬದಲಿಸುವುದು ಒಳ್ಳೆಯದು. ಇಲ್ಲಿ ನನಗೆ ಎರಡು ಮನಸ್ಸಿಲ್ಲ.

ಹಳೆ ಗ್ರಬ್, ಅಂದರೆ ಈಗ ಗ್ರಬ್ ಲೆಗಸಿ ಎನ್ನುವುದು, ನಂಬರ್‌ನಲ್ಲಿ ಮಾತಾಡುತ್ತದೆ. ಗ್ರಬ್ 1995ರಲ್ಲಿ ಹುಟ್ಟಿತು. ಲೆಗಸಿಯ ಕೊನೆಯ ಆವೃತ್ತಿ 0.97, ಬಂದದ್ದು 2005ರಲ್ಲಿ. ನೀವು ಜಾಸ್ತಿ ನೋಡುವ ನಂಬರ್‌ಗಳು ಇವು:

ಎರರ್ 15: ಫೈಲ್ ಸಿಗಲಿಲ್ಲ. ಕರ್ನಲ್ ಅಳಿಸಿಹೋಗಿದೆ, ಅಥವಾ ಮೆನುವಿನಲ್ಲಿ ಹೆಸರು ತಪ್ಪಾಗಿದೆ.

ಎರರ್ 17: ಪಾರ್ಟಿಷನ್ ಇದೆ, ಅದರ ಫೈಲ್ ಸಿಸ್ಟಮ್ ನನಗೆ ಓದಲು ಬರುತ್ತಿಲ್ಲ.

ಎರರ್ 18: ಬಯೋಸ್‌ಗೆ ಕೈಗೆಟುಕದಷ್ಟು ದೂರದಲ್ಲಿ ಫೈಲ್ ಇದೆ. ಹಳೆ ಬೋರ್ಡ್‌ಗೆ ದೊಡ್ಡ ಡಿಸ್ಕ್ ಹಾಕಿದಾಗ ಇದು ಬರುತ್ತದೆ. ಡಿಸ್ಕ್‌ನ ಆರಂಭದಲ್ಲಿ ಸಣ್ಣ ಬೂಟ್ ಪಾರ್ಟಿಷನ್ ಮಾಡಿದರೆ ಸರಿಹೋಗುತ್ತದೆ.

ಎರರ್ 21: ಆ ಡಿಸ್ಕೇ ಇಲ್ಲ. ಎರರ್ 22: ಡಿಸ್ಕ್ ಇದೆ, ಆ ನಂಬರಿನ ಪಾರ್ಟಿಷನ್ ಇಲ್ಲ. ಈ ಎರಡು ಬಂದರೆ ಡಿಸ್ಕ್ ಕ್ರಮ ಬದಲಾಗಿದೆಯಾ, ಯಾರಾದರೂ ಪಾರ್ಟಿಷನ್ ಅಳಿಸಿದರಾ ಅಂತ ಕೇಳಿ.

ಎರರ್ 2 ಸ್ವಲ್ಪ ವಿಚಿತ್ರ. ಲಿನಕ್ಸ್‌ನ ಎಕ್ಸ್‌ಟ್3 ಎಂಬ ಫೈಲ್ ಸಿಸ್ಟಮ್ ಇದ್ದ ಹಳೆ ಪಾರ್ಟಿಷನ್‌ಗಳಲ್ಲಿ ಐನೋಡ್ (ಒಂದೊಂದು ಫೈಲ್‌ನ ವಿವರ ಇಡುವ ದಾಖಲೆ) ಗಾತ್ರ 128 ಬೈಟ್ ಇತ್ತು. ಆಮೇಲೆ ಫಾರ್ಮ್ಯಾಟ್ ಮಾಡುವ ಉಪಕರಣಗಳು ಅದನ್ನು 256 ಬೈಟ್ ಮಾಡಿದವು. ಪ್ಯಾಚ್ ಮಾಡದ ಹಳೆ ಗ್ರಬ್‌ಗೆ ಅದು ಅರ್ಥವಾಗುವುದಿಲ್ಲ. ಹೊಸ ಲೈವ್ ಪೆನ್‌ಡ್ರೈವ್‌ನಿಂದ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ, ಹಳೆ ಬ್ಯಾಕಪ್ ಅದರೊಳಗೆ ತುಂಬಿದವರಿಗೆ ಹೀಗಾಗುತ್ತದೆ. ಎಕ್ಸ್‌ಟ್4 ವಿಷಯದಲ್ಲೂ ಇದೇ ಕಥೆ. ಇಂಥ ಕಡೆ ಹಳೆಯದನ್ನು ಹಿಡಿದು ಎಳೆದಾಡಬೇಡಿ. ಫೈಲ್ ಸಿಸ್ಟಮ್ ಹೊಸದಾದರೆ ಬೂಟ್‌ಲೋಡರ್ ಕೂಡ ಹೊಸದಾಗಲೇಬೇಕು.

ಹೊಸ ಗ್ರಬ್, ಅಂದರೆ ಗ್ರಬ್ 2 ಆದರೆ ನಂಬರ್ ಬದಲು ಮಾತು ಇರುತ್ತದೆ. 'ಗ್ರಬ್ ರೆಸ್ಕ್ಯೂ' ಎಂಬ ಪ್ರಾಂಪ್ಟ್ (ಕಮಾಂಡ್‌ಗೆ ಕಾಯುವ ಸಾಲು) ಬಂದರೆ ಅದರ ಒಳಗಿನ ಚೂರು ಎದ್ದಿದೆ, ಬೂಟ್ ಫೋಲ್ಡರ್ ಸಿಕ್ಕಿಲ್ಲ. ಬರೀ 'ಗ್ರಬ್' ಪ್ರಾಂಪ್ಟ್ ಬಂದರೆ ಎಲ್ಲ ಸಿಕ್ಕಿದೆ, ಮೆನು ಫೈಲ್ ಮಾತ್ರ ಇಲ್ಲ. ಎರಡನೆಯದು ತುಂಬ ಸುಲಭದ ಕೇಸ್.

ಕೈಯಿಂದ ಎಬ್ಬಿಸುವುದು

ಈ ಭಾಗ ಕಲಿತರೆ ನಿಮಗೆ ಬೂಟ್‌ಲೋಡರ್ ಹೆದರಿಕೆ ಹೋಗುತ್ತದೆ. ನಿಧಾನವಾಗಿ ಮಾಡಿ. ಇಲ್ಲಿ ಕೊಡುವ ಕಮಾಂಡ್‌ಗಳು ಡಿಸ್ಕ್ ಮೇಲೆ ಏನನ್ನೂ ಬರೆಯುವುದಿಲ್ಲ. ತಪ್ಪಾದರೆ ರೀಸೆಟ್ ಒತ್ತಿ ಮತ್ತೆ ಶುರುಮಾಡಬಹುದು.

ಗ್ರಬ್ ಲೆಗಸಿಯ ಮೆನು ಕಾಣುತ್ತಿದ್ದರೆ 'ಸಿ' ಕೀ ಒತ್ತಿ. ಪ್ರಾಂಪ್ಟ್ ಬರುತ್ತದೆ. ಲಿನಕ್ಸ್ ಎಲ್ಲಿದೆ ಅಂತ ಅದನ್ನೇ ಕೇಳಿ:

ಫೈಂಡ್ /ಬೂಟ್/ಗ್ರಬ್/ಸ್ಟೇಜ್1

ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಆರಂಭದ '/ಬೂಟ್' ಬಿಟ್ಟು ಕೇಳಬೇಕು. ಉತ್ತರ '(ಎಚ್‌ಡಿ0,0)' ಅಂತ ಬಂತು ಅನ್ನಿ. ಅಂದರೆ ಮೊದಲ ಡಿಸ್ಕ್‌ನ ಮೊದಲ ಪಾರ್ಟಿಷನ್. ಲೆಗಸಿ ಎರಡನ್ನೂ ಸೊನ್ನೆಯಿಂದ ಎಣಿಸುತ್ತದೆ. ಗ್ರಬ್ 2 ಡಿಸ್ಕನ್ನು ಸೊನ್ನೆಯಿಂದ, ಪಾರ್ಟಿಷನ್ನನ್ನು ಒಂದರಿಂದ ಎಣಿಸುತ್ತದೆ. ಹಳೆ ಟಿಪ್ಪಣಿ ನೋಡಿ ಹೊಸ ಗ್ರಬ್‌ಗೆ ಟೈಪ್ ಮಾಡುವವರು ಎಡವುವುದು ಇಲ್ಲೇ.

ಆಮೇಲೆ ಈ ನಾಲ್ಕು ಸಾಲು:

ರೂಟ್ (ಎಚ್‌ಡಿ0,0)
ಕರ್ನಲ್ /ವಿಎಂಲಿನಜ್ ರೂಟ್=/ಡೆವ್/ಎಸ್‌ಡಿಎ1 ಆರ್‌ಒ
ಇನಿಟ್‌ಆರ್‌ಡಿ /ಇನಿಟ್‌ಆರ್‌ಡಿ.ಐಎಂಜಿ
ಬೂಟ್

ಡೆಬಿಯನ್‌ನಲ್ಲಿ ಈ ಎರಡು ಹೆಸರು ರೂಟ್ ಫೋಲ್ಡರ್‌ನಲ್ಲೇ ಸಿಗುತ್ತವೆ. ಬೇರೆ ಕಡೆ ಬೂಟ್ ಫೋಲ್ಡರ್ ಒಳಗೆ ಉದ್ದದ ಹೆಸರಿನಲ್ಲಿರುತ್ತವೆ. ಅರ್ಧ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದು ತಾನಾಗಿ ಬರುತ್ತದೆ.

ಗ್ರಬ್ 2 ಪ್ರಾಂಪ್ಟ್‌ನಲ್ಲೂ ಹೀಗೇ. 'ಎಲ್‌ಎಸ್' ಕೊಟ್ಟರೆ ಡಿಸ್ಕ್, ಪಾರ್ಟಿಷನ್ ಪಟ್ಟಿ ಬರುತ್ತದೆ. 'ಎಲ್‌ಎಸ್ (ಎಚ್‌ಡಿ0,ಎಂಎಸ್‌ಡಾಸ್1)/' ಅಂತ ಒಂದೊಂದನ್ನೂ ಇಣುಕಿ ನೋಡಿ. ಬೂಟ್ ಫೋಲ್ಡರ್ ಸಿಕ್ಕಿದ ಪಾರ್ಟಿಷನ್ ನೆನಪಿಡಿ. 'ಸೆಟ್ ರೂಟ್=(ಎಚ್‌ಡಿ0,ಎಂಎಸ್‌ಡಾಸ್1)' ಕೊಡಿ. ಮುಂದಿನ ಸಾಲಿನಲ್ಲಿ 'ಕರ್ನಲ್' ಎಂಬ ಪದದ ಬದಲು 'ಲಿನಕ್ಸ್' ಎಂದು ಬರೆಯಬೇಕು. ಉಳಿದದ್ದು ಅದೇ. ರೆಸ್ಕ್ಯೂ ಪ್ರಾಂಪ್ಟ್ ಆದರೆ ಅದಕ್ಕೂ ಮೊದಲು ಮೂರು ಸಾಲು ಬೇಕು:

ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್1)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಎಷ್ಟೋ ಸಲ ಇಷ್ಟಕ್ಕೇ ಮಾಮೂಲಿ ಮೆನು ಬಂದುಬಿಡುತ್ತದೆ.

ಪ್ರಾಂಪ್ಟೇ ಬರದೆ ಎರರ್ ನಂಬರ್‌ನಲ್ಲೇ ನಿಂತರೆ ಹೊರಗಿನ ಸಹಾಯ ಬೇಕು. ಸೂಪರ್ ಗ್ರಬ್2 ಡಿಸ್ಕ್ ಎಂಬ ಸಣ್ಣ ಉಪಕರಣ ಇದೆ. ಪೆನ್‌ಡ್ರೈವ್‌ಗೆ ಅಥವಾ ಸಿಡಿಗೆ ಹಾಕಿಕೊಳ್ಳಿ. ಅದು ಡಿಸ್ಕ್‌ಗಳನ್ನೆಲ್ಲ ಹುಡುಕಿ, ಸಿಕ್ಕ ಲಿನಕ್ಸ್‌ಗಳ ಪಟ್ಟಿ ಕೊಡುತ್ತದೆ. ಒಂದನ್ನು ಆರಿಸಿದರೆ ಎದ್ದುಬಿಡುತ್ತದೆ. ನನ್ನ ಬ್ಯಾಗ್‌ನಲ್ಲಿ ಇದರ ಒಂದು ಪೆನ್‌ಡ್ರೈವ್, ಒಂದು ಸಿಡಿ ಎರಡೂ ಇರುತ್ತವೆ. ತುಂಬ ಹಳೆ ಬೋರ್ಡ್‌ಗಳು ಪೆನ್‌ಡ್ರೈವ್‌ನಿಂದ ಏಳುವುದಿಲ್ಲ, ಅದಕ್ಕೇ ಸಿಡಿ.

ಎದ್ದ ಕೂಡಲೇ

ಎದ್ದಿತು ಅಂತ ಖುಷಿಯಲ್ಲಿ ಆಫ್ ಮಾಡಬೇಡಿ. ಮೊದಲು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಹಳೆ ಕಂಪ್ಯೂಟರ್‌ನಲ್ಲಿ ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲ್‌ಗಳಿದ್ದರೆ ಆ ಫಾಂಟ್‌ಗಳನ್ನೂ ಕಾಪಿ ಮಾಡಿ. ಅವು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಜನ ಫೈಲೇ ಹಾಳಾಯಿತು ಅಂದುಕೊಂಡು ಅಳಿಸಿಬಿಡುತ್ತಾರೆ. ದೊಡ್ಡಪ್ಪನ ಹತ್ತು ವರ್ಷದ ಲೆಕ್ಕದ ಟಿಪ್ಪಣಿ ಹೀಗೇ ಹೋಗುವುದರಲ್ಲಿತ್ತು.

ಆಮೇಲೆ ಮೊದಲ ಸೆಕ್ಟರ್‌ನ ಪ್ರತಿ ಇಟ್ಟುಕೊಳ್ಳಿ:

ಡಿಡಿ ಐಎಫ್=/ಡೆವ್/ಎಸ್‌ಡಿಎ ಒಎಫ್=ಎಂಬಿಆರ್.ಬಿನ್ ಬಿಎಸ್=512 ಕೌಂಟ್=1

ಐಎಫ್ ಅಂದರೆ ಎಲ್ಲಿಂದ, ಒಎಫ್ ಅಂದರೆ ಎಲ್ಲಿಗೆ. ಎಂಟರ್ ಒತ್ತುವ ಮೊದಲು ಎರಡು ಸಲ ಓದಿ. ಅದಲುಬದಲಾದರೆ ಡಿಸ್ಕ್ ಮೇಲೇ ಬರೆಯುತ್ತದೆ. ಮುಂದೆ ಇದನ್ನು ವಾಪಸ್ ಹಾಕುವಾಗ 512 ಬದಲು 446 ಕೊಡಿ. ಪೂರ್ತಿ 512 ವಾಪಸ್ ಹಾಕಿದರೆ ಹಳೆ ಪಾರ್ಟಿಷನ್ ಟೇಬಲ್ ಕೂಡ ಬಂದು ಕೂರುತ್ತದೆ. ನಡುವೆ ಪಾರ್ಟಿಷನ್ ಬದಲಿಸಿದ್ದರೆ ಅದು ದೊಡ್ಡ ಅನಾಹುತ. ಮೊದಲ ಸೆಕ್ಟರ್‌ನ ಪ್ರತಿ ಒಂದೇ ಸಾಲದು, ಬೂಟ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ.

ಈಗ ಹಳೆ ಗ್ರಬ್ಬನ್ನೇ ಮತ್ತೆ ಕೂರಿಸಿ. ರೂಟ್ (ಇಲ್ಲಿ ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ 'ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ' ಕೊಟ್ಟರೆ ಸಾಕು. ಕೊನೆಯಲ್ಲಿ 1 ಹಾಕಬೇಡಿ. ಎಸ್‌ಡಿಎ ಅಂದರೆ ಡಿಸ್ಕ್, ಎಸ್‌ಡಿಎ1 ಅಂದರೆ ಪಾರ್ಟಿಷನ್. ನಮಗೆ ಬೇಕಾದದ್ದು ಡಿಸ್ಕ್. ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು, ಆನ್ ಮಾಡಿ ನೋಡಿ.

ಇಟ್ಟುಕೊಳ್ಳಬೇಕಾ, ಬದಲಿಸಬೇಕಾ?

ಕಂಪ್ಯೂಟರ್ ತಾನಾಗಿ ಏಳುತ್ತಿದೆ. ಈಗ ಯೋಚಿಸಲು ಸಮಯ ಇದೆ.

ಇಂಟರ್ನೆಟ್‌ಗೆ ಸೇರಿಸದ, ಒಂದೇ ಕೆಲಸ ಮಾಡುವ, ಕರ್ನಲ್ ಬದಲಾಗದ ಕಂಪ್ಯೂಟರ್ ಆದರೆ ನಾನು ಬೂಟ್‌ಲೋಡರ್ ಮುಟ್ಟುವುದಿಲ್ಲ. ಗ್ರಬ್ 0.97 ತನ್ನ ಕಾಲದ ಡಿಸ್ಕ್, ತನ್ನ ಕಾಲದ ಫೈಲ್ ಸಿಸ್ಟಮ್ ಜೊತೆ ಇನ್ನೂ ಇಪ್ಪತ್ತು ವರ್ಷ ಕೆಲಸ ಮಾಡಬಲ್ಲದು. ಹಳೆಯದಾಯಿತು ಅನ್ನುವುದೊಂದೇ ಕಾರಣಕ್ಕೆ ಬದಲಿಸಬೇಡಿ.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಎಕ್ಸ್‌ಟ್4 ಅಥವಾ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಬೇಕು. 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಬೇಕು, ಅಂದರೆ ಜಿಪಿಟಿ ಎಂಬ ಹೊಸ ಬಗೆಯ ಪಾರ್ಟಿಷನ್ ಟೇಬಲ್ ಬೇಕು. ಹಳೆ ಪಾರ್ಟಿಷನ್ ಟೇಬಲ್ ಅಷ್ಟು ದೂರ ಎಣಿಸಲಾರದು. ಹೊಸ ಕರ್ನಲ್‌ಗಳು ಆಗಾಗ ಬರುತ್ತವೆ, ಪ್ರತಿ ಸಲ ಮೆನು ಕೈಯಿಂದ ತಿದ್ದಲು ಆಗುವುದಿಲ್ಲ. ಅಥವಾ ಇಡೀ ಸಿಸ್ಟಮ್ಮೇ ಹಳೆಯದಾಗಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ, ಆದರೆ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ನಡೆಯುತ್ತಿದೆ. ಈ ಕೊನೆಯದು ಬೂಟ್‌ಲೋಡರ್‌ಗಿಂತ ದೊಡ್ಡ ಸಮಸ್ಯೆ. ಅಲ್ಲಿ ಬರೀ ಬೂಟ್‌ಲೋಡರ್ ಬದಲಿಸಿ ಸುಮ್ಮನಾಗುವುದು ಸರಿಯಲ್ಲ.

ಪೂರ್ತಿ ಅಪ್‌ಗ್ರೇಡ್ ಮಾಡುವವರು ಪ್ರೊಸೆಸರ್ ನೋಡಿಕೊಳ್ಳಿ. 32 ಬಿಟ್ ಮಾತ್ರ ಗೊತ್ತಿರುವ ಪಿಸಿಗಳಿಗೆ ಡೆಬಿಯನ್ 12 ಕೊನೆಯದು. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಕೂಡ ಇಲ್ಲ. ಡೆಬಿಯನ್‌ನಲ್ಲಿ 5ರಿಂದ ನೇರ 12ಕ್ಕೆ ಹಾರುವಂತಿಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು. ಅಷ್ಟು ಮೆಟ್ಟಿಲಿದ್ದರೆ ಫೈಲ್ ಕಾಪಿ ಮಾಡಿಕೊಂಡು, ಹೊಸ ಡಿಸ್ಕ್‌ಗೆ ಹೊಸದಾಗಿಯೇ ಹಾಕಿ. ಹಳೆ ಡಿಸ್ಕನ್ನು ಹಾಗೇ ತೆಗೆದಿಡಿ.

ಲೆಗಸಿಯಿಂದ ಗ್ರಬ್ 2ಕ್ಕೆ

ಉಬುಂಟು 2009ರ 9.10ರಲ್ಲಿ, ಡೆಬಿಯನ್ 2011ರ 6ರಲ್ಲಿ ಗ್ರಬ್ 2ಕ್ಕೆ ಬದಲಾದವು. ಆ ಬದಲಾವಣೆಯನ್ನು ಡೆಬಿಯನ್‌ನವರು ಮಾಡಿದ ರೀತಿ ನನಗೆ ತುಂಬ ಇಷ್ಟ. 'ಗ್ರಬ್-ಪಿಸಿ' ಪ್ಯಾಕೇಜ್ ಹಾಕಿದರೆ ಅದು ಹಳೆ ಗ್ರಬ್ಬನ್ನು ತಳ್ಳಿಹಾಕುವುದಿಲ್ಲ. ಹಳೆ ಮೆನುವಿನಲ್ಲೇ ಇನ್ನೊಂದು ಸಾಲು ಸೇರಿಸಿ, ಅಲ್ಲಿಂದ ಗ್ರಬ್ 2 ತೆರೆಯುವ ಹಾಗೆ ಮಾಡುತ್ತದೆ. ನೀವು ರೀಬೂಟ್ ಮಾಡಿ ಆ ಸಾಲು ಆರಿಸಿ. ಹೊಸ ಗ್ರಬ್‌ನಿಂದ ಲಿನಕ್ಸ್ ಸರಿಯಾಗಿ ಎದ್ದರೆ ಮಾತ್ರ ಮುಂದಿನ ಕಮಾಂಡ್:

ಅಪ್‌ಗ್ರೇಡ್-ಫ್ರಮ್-ಗ್ರಬ್-ಲೆಗಸಿ

ಆಗ ಅದು ಮೊದಲ ಸೆಕ್ಟರ್ ಮೇಲೆ ಬರೆಯುತ್ತದೆ. ಏಳದಿದ್ದರೆ ಹಳೆ ಸಾಲು ಇದ್ದೇ ಇದೆ. ನಿಮ್ಮ ಸಿಸ್ಟಮ್ ಆ ಕಾಲದ್ದಾದರೆ ಈ ದಾರಿ ಬಿಡಬೇಡಿ.

ಇನ್ನು ಮುಂದೆ ಹಳೆ ಮೆನು ಫೈಲ್ 'ಮೆನು.ಎಲ್‌ಎಸ್‌ಟಿ' ಇಲ್ಲ. ಅದರ ಜಾಗದಲ್ಲಿ 'ಗ್ರಬ್.ಸಿಎಫ್‌ಜಿ' ಇದೆ. ಅದನ್ನು ಕೈಯಿಂದ ತಿದ್ದಬೇಡಿ, ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ. ಬದಲಾವಣೆಗಳನ್ನು '/ಇಟಿಸಿ/ಡಿಫಾಲ್ಟ್/ಗ್ರಬ್' ಫೈಲ್‌ನಲ್ಲಿ ಮಾಡಿ, 'ಅಪ್‌ಡೇಟ್-ಗ್ರಬ್' ಕೊಡಿ. ಪಕ್ಕದಲ್ಲಿ ವಿಂಡೋಸ್ ಇದ್ದು ಅದು ಮೆನುವಿನಿಂದ ಮಾಯವಾದರೆ ಹೆದರಬೇಡಿ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ಕೆಲಸ ತಾನಾಗಿ ನಡೆಯುವುದಿಲ್ಲ. ಅದೇ ಫೈಲ್‌ನಲ್ಲಿ 'ಗ್ರಬ್_ಡಿಸೇಬಲ್_ಒಎಸ್_ಪ್ರೋಬರ್=ಫಾಲ್ಸ್' ಎಂದು ಸೇರಿಸಿ. ಇಲ್ಲಿ ಸಮಚಿಹ್ನೆಯ ಮೊದಲಿನದು ಮಾತ್ರ ದೊಡ್ಡ ಅಕ್ಷರದಲ್ಲಿರಬೇಕು.

ಒಂದು ತೊಡಕು ಇದೆ. ಹಳೆ ಡಿಸ್ಕ್‌ಗಳಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರ್‌ನಿಂದ ಶುರುವಾಗುತ್ತದೆ. ಮುಂಚೆ ಉಳಿಯುವುದು 62 ಸೆಕ್ಟರ್, ಅಂದರೆ 31,744 ಬೈಟ್. ಲೆಗಸಿಗೆ ಅದು ಧಾರಾಳ. ಗ್ರಬ್ 2ರ ಚೂರು ಲೆಗಸಿಯದಕ್ಕಿಂತ ದಪ್ಪ. ಸಾದಾ ಎಕ್ಸ್‌ಟ್4 ಆದರೆ ಸಾಮಾನ್ಯವಾಗಿ ಹಿಡಿಯುತ್ತದೆ. ಎಲ್‌ವಿಎಂ, ರೇಡ್ (ಹಲವು ಡಿಸ್ಕ್‌ಗಳನ್ನು ಒಟ್ಟು ಸೇರಿಸುವ ವ್ಯವಸ್ಥೆಗಳು), ಬಿಟಿಆರ್‌ಎಫ್‌ಎಸ್ ಇದ್ದರೆ ಹಿಡಿಯದೆ ಹೋಗಬಹುದು. ಆಗ 'ಬ್ಲಾಕ್‌ಲಿಸ್ಟ್ ಬಳಸಬೇಕಾಗುತ್ತದೆ, ಅದನ್ನು ನಂಬಲಾಗದು' ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಜಾಲಾಡಿದರೆ 'ಫೋರ್ಸ್' ಸೇರಿಸಿ ಅನ್ನುವ ಸಲಹೆ ಸಿಗುತ್ತದೆ. ಸೇರಿಸಬೇಡಿ. ಬ್ಲಾಕ್‌ಲಿಸ್ಟ್ ಅಂದರೆ ಲಿಲೋ ಹಾಗೆ ಬ್ಲಾಕ್ ನಂಬರ್ ಪಟ್ಟಿ ಇಟ್ಟುಕೊಳ್ಳುವುದು. ಫೈಲ್ ಜಾಗ ಬದಲಾದರೆ ಮತ್ತೆ ಏಳುವುದಿಲ್ಲ. ಬ್ಯಾಕಪ್ ಇಟ್ಟುಕೊಂಡು, ಜಿಪಾರ್ಟೆಡ್ ಎಂಬ ಪಾರ್ಟಿಷನ್ ಉಪಕರಣದಲ್ಲಿ ಮೊದಲ ಪಾರ್ಟಿಷನ್ನನ್ನು 1 ಎಂಐಬಿ ಜಾಗಕ್ಕೆ ಸರಿಸಿ. ಅದು ಗಂಟೆಗಟ್ಟಲೆ ತೆಗೆದುಕೊಳ್ಳಬಹುದು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಬಯೋಸ್ ಕಂಪ್ಯೂಟರ್‌ಗೆ ಜಿಪಿಟಿ ಡಿಸ್ಕ್ ಹಾಕಿದರೆ 1 ಎಂಐಬಿಯ 'ಬಯೋಸ್ ಬೂಟ್' ಪಾರ್ಟಿಷನ್ ಒಂದು ಬೇಕು. ಅದಕ್ಕೆ ಫಾರ್ಮ್ಯಾಟ್ ಬೇಡ, 'ಬಯೋಸ್_ಗ್ರಬ್' ಎಂಬ ಗುರುತು ಸಾಕು.

ಅರ್ಧ ಅಪ್‌ಗ್ರೇಡ್

ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಹಳೆ ಬೂಟ್‌ಲೋಡರ್‌ನವಲ್ಲ, ಹೊಸದರವೂ ಅಲ್ಲ. ಅರ್ಧ ಹಳೆ, ಅರ್ಧ ಹೊಸದು ಆದದ್ದರವು.

2020ರ ಜುಲೈನಲ್ಲಿ ಬೂಟ್‌ಹೋಲ್ ಎಂಬ ದೊಡ್ಡ ಲೋಪ ಗ್ರಬ್ 2ರಲ್ಲಿ ಪತ್ತೆಯಾಯಿತು. ಎಲ್ಲರೂ ಅಪ್‌ಡೇಟ್ ಬಿಟ್ಟರು. ಅದನ್ನು ಹಾಕಿಕೊಂಡ ಎಷ್ಟೋ ಬಯೋಸ್ ಕಂಪ್ಯೂಟರ್‌ಗಳು ಮಾರನೇ ಸಲ 'ಸಿಂಬಲ್ ಗ್ರಬ್_ಕ್ಯಾಲಕ್ ನಾಟ್ ಫೌಂಡ್' ಅಂದು ರೆಸ್ಕ್ಯೂ ಪ್ರಾಂಪ್ಟ್‌ಗೆ ಬಂದು ನಿಂತವು. ಕಾರಣ ಸರಳ. ಗ್ರಬ್ ಯಾವ ಡಿಸ್ಕ್‌ಗೆ ಬರೆಯಬೇಕು ಅಂತ ಪ್ಯಾಕೇಜ್ ನೆನಪಿಟ್ಟುಕೊಂಡಿರುತ್ತದೆ. ಹಳೆ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದವರಲ್ಲಿ ಆ ನೆನಪು ಹಳೆ ಡಿಸ್ಕ್‌ನದ್ದೇ ಇರುತ್ತದೆ. ಹಾಗಾಗಿ ಬೂಟ್ ಫೋಲ್ಡರ್‌ನ ಫೈಲ್‌ಗಳು ಹೊಸದಾದವು. ಬಯೋಸ್ ಎಬ್ಬಿಸುವ ಡಿಸ್ಕ್‌ನ ಆರಂಭದ ಚೂರು ಹಳೆಯದೇ ಉಳಿಯಿತು. ಎರಡಕ್ಕೂ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲಿಲ್ಲ.

ನಿಮ್ಮ ಕಂಪ್ಯೂಟರ್‌ನಲ್ಲಿ ಈ ನೆನಪನ್ನು ಇವತ್ತೇ ಸರಿಮಾಡಿಕೊಳ್ಳಬಹುದು:

ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ

ಕೊನೆಗೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಬಯೋಸ್ ಎಬ್ಬಿಸುವ ಡಿಸ್ಕ್ ಮುಂದೆ ಸ್ಪೇಸ್ ಒತ್ತಿ ಗುರುತು ಹಾಕಿ. ಪಾರ್ಟಿಷನ್‌ಗಳಿಗೆ ಬೇಡ.

2022ರ ಆಗಸ್ಟ್‌ನಲ್ಲಿ ಆರ್ಚ್ ಲಿನಕ್ಸ್ ಮತ್ತು ಅದರ ಬಳಗದ ಸಿಸ್ಟಮ್‌ಗಳಲ್ಲಿ ಇದೇ ಬೇರೆ ರೂಪದಲ್ಲಿ ಬಂತು. ಪ್ಯಾಕೇಜ್ ಅಪ್‌ಡೇಟ್ ಆಯಿತು, ಮೆನು ಫೈಲ್ ಹೊಸದಾಗಿ ತಯಾರಾಯಿತು. ಆದರೆ ಗ್ರಬ್-ಇನ್‌ಸ್ಟಾಲ್ ಯಾರೂ ಕೊಟ್ಟಿರಲಿಲ್ಲ. ಹೊಸ ಮೆನುವಿನಲ್ಲಿದ್ದ ಒಂದು ಸಾಲು ಹಳೆ ಗ್ರಬ್‌ಗೆ ತಿಳಿಯಲಿಲ್ಲ. ಆರ್ಚ್ ಬಳಸುವವರು ಗ್ರಬ್ ಪ್ಯಾಕೇಜ್ ಬದಲಾದಾಗ ಗ್ರಬ್-ಇನ್‌ಸ್ಟಾಲ್ ಮತ್ತು ಮೆನು ತಯಾರಿಸುವುದು, ಎರಡೂ ಕಮಾಂಡ್ ಕೊಡುವ ಅಭ್ಯಾಸ ಇಟ್ಟುಕೊಳ್ಳಿ.

ಯಾವುದೂ ಏಳದಿದ್ದಾಗ

ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ನಿಮ್ಮ ಸಿಸ್ಟಮ್ ಒಳಗೆ ಹೊಕ್ಕು ರಿಪೇರಿ ಮಾಡುವ ದಾರಿ ಇದು. 64 ಬಿಟ್ ಲೈವ್‌ನಿಂದ 32 ಬಿಟ್ ಸಿಸ್ಟಮ್ ಒಳಗೆ ಹೋಗಬಹುದು, ತಿರುಗಾಮುರುಗಾ ಆಗುವುದಿಲ್ಲ. 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟು ರೂಟ್ ಪಾರ್ಟಿಷನ್ ಯಾವುದು ನೋಡಿ. ಆಮೇಲೆ, ರೂಟ್ ಆಗಿ:

ಮೌಂಟ್ /ಡೆವ್/ಎಸ್‌ಡಿಎ1 /ಎಂಎನ್‌ಟಿ
ಮೌಂಟ್ --ಬೈಂಡ್ /ಡೆವ್ /ಎಂಎನ್‌ಟಿ/ಡೆವ್
ಮೌಂಟ್ --ಬೈಂಡ್ /ಪ್ರಾಕ್ /ಎಂಎನ್‌ಟಿ/ಪ್ರಾಕ್
ಮೌಂಟ್ --ಬೈಂಡ್ /ಸಿಸ್ /ಎಂಎನ್‌ಟಿ/ಸಿಸ್
ಸಿಎಚ್‌ರೂಟ್ /ಎಂಎನ್‌ಟಿ
ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ
ಅಪ್‌ಡೇಟ್-ಗ್ರಬ್

ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ ಸಿಎಚ್‌ರೂಟ್‌ಗೆ ಮೊದಲೇ ಅದನ್ನೂ ಮೌಂಟ್ ಮಾಡಿ. ಇದನ್ನು ಮರೆಯುವವರೇ ಜಾಸ್ತಿ. ಸಿಎಚ್‌ರೂಟ್ ಬಿಟ್ಟು ಲೈವ್‌ನ ಗ್ರಬ್ಬನ್ನೇ ಹಾಕಿದರೆ ಮತ್ತೆ ಅದೇ ಅರ್ಧ ಹಳೆ, ಅರ್ಧ ಹೊಸ ಕಥೆ. ಇನ್ನೊಂದು: 'ಡಿಎಫ್ -ಎಚ್ /ಬೂಟ್' ಕೊಟ್ಟು ಜಾಗ ಇದೆಯಾ ನೋಡಿ. ಬೂಟ್ ತುಂಬಿದ್ದರೆ ಇನಿಟ್‌ಆರ್‌ಡಿ ಅರ್ಧಕ್ಕೇ ನಿಂತಿರುತ್ತದೆ.

ಬಯೋಸ್ ಬದಲು ಯುಇಎಫ್‌ಐ ಇರುವ ಹೊಸ ಕಂಪ್ಯೂಟರ್‌ನಲ್ಲಿ ಮೊದಲ ಸೆಕ್ಟರ್‌ನ ಮಾತೇ ಇಲ್ಲ. '/ಸಿಸ್/ಫರ್ಮ್‌ವೇರ್/ಇಎಫ್‌ಐ' ಫೋಲ್ಡರ್ ಇದ್ದರೆ ನೀವು ಯುಇಎಫ್‌ಐಯಲ್ಲಿ ಎದ್ದಿದ್ದೀರಿ. ಲೈವ್ ಪೆನ್‌ಡ್ರೈವ್ ಕೂಡ ಅದೇ ರೀತಿ ಎದ್ದಿರಬೇಕು. ಇಎಫ್‌ಐ ಪಾರ್ಟಿಷನ್ನನ್ನು '/ಬೂಟ್/ಇಎಫ್‌ಐ'ಗೆ ಮೌಂಟ್ ಮಾಡಿ ಮುಂದುವರಿಯಿರಿ. ಫೆಡೋರಾ ಲಿನಕ್ಸ್‌ನವರು ಇಲ್ಲಿ ಗ್ರಬ್-ಇನ್‌ಸ್ಟಾಲ್ ಕೊಡಬೇಡಿ. ಗ್ರಬ್ ಮತ್ತು ಶಿಮ್ (ಗ್ರಬ್‌ಗಿಂತ ಮೊದಲು ಏಳುವ, ಸಹಿ ಇರುವ ಚೂರು) ಪ್ಯಾಕೇಜ್‌ಗಳನ್ನು ಡಿಎನ್‌ಎಫ್ ಕಮಾಂಡ್‌ನಿಂದ ಮತ್ತೆ ಹಾಕಿ, ಸಾಕು. ಈ ಕಂಪ್ಯೂಟರ್‌ಗಳಲ್ಲಿ ಹಳೆ ಬೂಟ್‌ಲೋಡರ್ ಇಟ್ಟುಕೊಳ್ಳುವ ಆಯ್ಕೆಯೇ ಕಡಿಮೆ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಒಂದು ಅಪ್‌ಡೇಟ್ ಹಳೆ ಶಿಮ್‌ಗಳನ್ನು ತಡೆಹಿಡಿಯಿತು. ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡಿದ್ದ ಹಲವರಿಗೆ 'ಸೆಕ್ಯುರಿಟಿ ಪಾಲಿಸಿ ವಯೊಲೇಷನ್' ಕಾಣಿಸಿತು. ಸೆಕ್ಯೂರ್ ಬೂಟ್ (ಸಹಿ ಸರಿಯಿಲ್ಲದ ಬೂಟ್‌ಲೋಡರ್ ತಡೆಯುವ ಸೆಟ್ಟಿಂಗ್) ಸ್ವಲ್ಪ ಹೊತ್ತು ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ ಶಿಮ್, ಗ್ರಬ್ ಅಪ್‌ಡೇಟ್ ಮಾಡಿ, ಮತ್ತೆ ಆನ್ ಮಾಡಬೇಕು.

ದೊಡ್ಡಪ್ಪನ ಡೆಸ್ಕ್‌ಟಾಪ್‌ನಲ್ಲಿ ಇವತ್ತಿಗೂ ಡೆಬಿಯನ್ 5, ಗ್ರಬ್ 0.97 ಇದೆ. ಅದಕ್ಕೆ ಇಂಟರ್ನೆಟ್ ಇಲ್ಲ, ಲೆಕ್ಕದ ಪ್ರತಿ ಬೇರೆ ಡಿಸ್ಕ್‌ನಲ್ಲಿದೆ. 40 ಜಿಬಿ ಡಿಸ್ಕ್‌ನ ಮೊದಲ 446 ಬೈಟ್ ಅಳಿಸಿದ್ದೇನೆ, ಸುಮ್ನೆ ಎದ್ದು ದಾರಿ ತಪ್ಪಿಸದಿರಲಿ ಅಂತ. ಕ್ಯಾಬಿನೆಟ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಯಾವ ಡಿಸ್ಕ್ ಮೊದಲು, ಲಿನಕ್ಸ್ ಯಾವ ಪಾರ್ಟಿಷನ್‌ನಲ್ಲಿದೆ, ಪ್ರಾಂಪ್ಟ್‌ನಲ್ಲಿ ಕೊಡಬೇಕಾದ ಆ ನಾಲ್ಕು ಸಾಲು, ಸೆಲ್ ಬದಲಿಸಿದ ತಾರೀಖು.